ಅಮೋಘಿಯ ವೀಕ್ನೆಸ್ಸು

ಒಳಗಿನ ಕೋಣೆಯ ಕನ್ನಡಿ ಅಲ್ಲೇ ಇದ್ದಿದ್ದರೆ ಅವತ್ತು ತಿಕೋಟಾದಲ್ಲಿ ಏನೂ ಆಗುತ್ತಿರಲಿಲ್ಲ. ಆದರೆ ಕರೆಂಟು ಹೋಗಿ ಒಳಗೆ ಕತ್ತಲಾಗಿತ್ತು. ಅದಕ್ಕೇ ಅಮೋಘಿ ಕನ್ನಡಿಯನ್ನು ಅಂಗಳದ ಬೇವಿನ ಗಿಡಕ್ಕೆ ನೇತುಹಾಕಿ, ಟೈ ಕಟ್ಟಿಕೊಂಡು, ಎದೆ ಸೆಟೆಸಿ ನಿಂತಿದ್ದ. ಆ ಟೈಯಾದರೂ ಎಂಥದು! ಗೆಳೆಯ ಅರ್ಬಾಜನ ಅಣ್ಣ ಮದುವೆಗೆ ಕೊಂಡಿದ್ದು. ಕೆಂಡದಂಥ ಕೆಂಪು, ಮೊಣಕಾಲಿನ ತನಕ ಉದ್ದ. ಹೋರಿಗೆ ಕಟ್ಟಿದ್ದರೆ ಹೋರಿಯೂ ನಾಚಿಕೊಂಡು ಮೇವಿನ ಗ್ವಾದಲಿಯ ಹಿಂದೆ ಅಡಗುತ್ತಿತ್ತು.

ಅಮೋಘಿ ವಿಜಯಪುರದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ. ಅಪ್ಪ, ಅವ್ವ ಕಳ್ಳಕವಟಗಿಯ ಹೊಲದಲ್ಲಿದ್ದರು. ಇವನು ಬಸ್ಸಿಗೆ ಅನುಕೂಲ ಎಂದು ತಿಕೋಟಾದಲ್ಲಿ ಅಜ್ಜಿಯ, ಅಂದರೆ ಆಯಿ ಸಕ್ರವ್ವನ ಹತ್ತಿರ ಇದ್ದ. ಅವತ್ತು ಮಧ್ಯಾಹ್ನ ಡ್ರಿಪ್ ಪೈಪು ಮಾರುವ ಕಂಪನಿಯವರು ಕಾಲೇಜಿಗೇ ಬಂದು ಹುಡುಗರನ್ನು ಆರಿಸುವವರಿದ್ದರು. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳನ್ನೆಲ್ಲ ತಿರುಗಿ ರೈತರಿಗೆ ಡ್ರಿಪ್ ಹಾಕಿಸುವ ಕೆಲಸ. ತಿರುಗಲು ಕಂಪನಿಯ ಗಾಡಿ, ತಲೆಗೆ ಕಂಪನಿಯ ಟೋಪಿ. ಆ ಗಾಡಿಯ ಮೇಲೆ ಕುಳಿತು ಆ ಟೋಪಿ ಹಾಕಿಕೊಂಡು ಅಮೋಘಿ ಕನಸಿನಲ್ಲಿ ಬಬಲೇಶ್ವರಕ್ಕೆ ಎಷ್ಟು ಸಲ ಹೋಗಿ ಬಂದಿದ್ದನೆಂದರೆ, ಕನಸಿನ ರಸ್ತೆಯಲ್ಲೇ ತಗ್ಗು ಬಿದ್ದಿದ್ದವು.

ಈ ನೌಕರಿ ಸಿಗದಿದ್ದರೆ ಏನು ಗತಿ ಎಂಬುದೂ ಅವನಿಗೆ ಗೊತ್ತಿತ್ತು. ಸೋದರಮಾವ ಮಹಾದೇವ ಮೊನ್ನೆಯೇ ಹೇಳಿಬಿಟ್ಟಿದ್ದ: "ಸಿಕ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಸಿಗಲಿಲ್ಲಂದ್ರ ಮರುದಿನಾನ ನನ್ನ ಗಿರಣಿಗಿ ಬಾ. ಖಾರಾ ಬೀಸು."

ಮಹಾದೇವನ ಖಾರದ ಗಿರಣಿ ಎಂದರೆ ಸಾಮಾನ್ಯ ಗಿರಣಿಯಲ್ಲ. ಅದರ ಮೇಲೆ ಹಾರಿದ ಕಾಗೆ ಮುಂದಿನ ಊರಿನ ತನಕ ಸೀನುತ್ತ ಹೋಗುತ್ತದೆ. ಒಂದು ಸಲ ರಜೆಯಲ್ಲಿ ಅಮೋಘಿ ಅಲ್ಲಿ ಕೆಲಸಕ್ಕೆ ನಿಂತಿದ್ದ. ಅವನು ಸೀನಿದ ರಭಸಕ್ಕೆ ಎದುರಿನ ಟೇಲರನ ಅಂಗಡಿಯ ಬ್ಲೌಜುಗಳೆಲ್ಲ ಹಾರಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದವು. ಈಚೆಗೆ ಮಹಾದೇವ ಗಿರಣಿಯ ಬಾಜೂಕೆ ಹೊಸ ಶಟರ್ ಹಾಕಿಸಿ, ಕರಿ ಪೈಪಿನ ಸುರುಳಿಗಳನ್ನು ತಂದು ಪೇರಿಸಿದ್ದ. ಹೊಲಕ್ಕೆ ತಂದಿರಬೇಕೆಂದು ಅಮೋಘಿ ಸುಮ್ಮನಿದ್ದ. ಆ ಕಡೆ ಮುಖ ತಿರುಗಿಸಿದರೇ ಅವನ ಮೂಗು ಕೆರೆಯುತ್ತಿತ್ತು, ಇನ್ನು ವಿಚಾರಿಸುವುದೆಲ್ಲಿ ಬಂತು?

ಹೀಗಾಗಿ ತಯಾರಿ ಜೋರಾಗಿ ನಡೆದಿತ್ತು. ಗುರು ಅರ್ಬಾಜ. ಅವನೂ ಅದೇ ಕ್ಲಾಸು, ಅದೇ ಇಂಟರ್ವ್ಯೂ. ಮೊಬೈಲಿನಲ್ಲಿ ಇಂಟರ್ವ್ಯೂ ವಿಡಿಯೋ ನೋಡಿ ನೋಡಿ ಜಗತ್ತಿನ ಸಾಹೇಬರೆಲ್ಲರ ಹೊಟ್ಟೆಯೊಳಗೆ ಹೊಕ್ಕು ಬಂದಿದ್ದ.

"ದೋಸ್ತ, ಕಡೀಕ ನಿನ್ನ ವೀಕ್ನೆಸ್ ಏನಂತ ಕೇಳ್ತಾರ. ಅಲ್ಲೇ ಮಂದಿ ಬೀಳೂದು. ಮುಂಜಾನೆ ಏಳಾಂಗಿಲ್ಲ, ಇಂಗ್ಲೀಷ ಬರಾಂಗಿಲ್ಲ ಅಂತ ಖರೇ ಹೇಳಿದ್ರ ಮುಗೀತು. ಒಳ್ಳೇ ಗುಣಾನ ವೀಕ್ನೆಸ್ ಅಂತ ಹೇಳಬೇಕು."

ಇಬ್ಬರೂ ತಲೆಗೆ ತಲೆ ಹಚ್ಚಿ ಒಂದು ಉತ್ತರ ಹೊಸೆದಿದ್ದರು. ಅದನ್ನೇ ಅಮೋಘಿ ಕನ್ನಡಿಯ ಮುಂದೆ ಗಟ್ಟಿಯಾಗಿ, ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದ:

"ನನ್ನ ವೀಕ್ನೆಸ್ ಅಂದ್ರ... ಕೆಲಸಾ ಹಿಡದ್ರ ನನಗ ಊಟದ ನೆನಪನ ಇರೂದಿಲ್ರಿ!"

ಪಡಸಾಲೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಸಕ್ರವ್ವನ ಕೈ ನಿಂತಿತು.

ತಿಕೋಟಾದ ಆ ಓಣಿಯಲ್ಲಿ ವೀಕ್ನೆಸ್ ಎಂಬ ಮಾತಿಗೆ ಒಂದೇ ಅರ್ಥ. ಕಣ್ಣು ಒಳಗೆ ಹೋಗಿ, ಕಾಲು ನಡುಗಿ, ಕಡೆಗೆ ಡಾಕ್ಟರು ಸಲಾಯಿನ್ ಹಚ್ಚುವ ರೋಗ.

"ಏನಂದಿ? ಮತ್ತೊಮ್ಮಿ ಅನ್ನು."

"ಏನಿಲ್ಲ ಬೇ ಆಯಿ. ಇಂಟರ್ವ್ಯೂದಾಗ ಕೇಳ್ತಾರ, ನಿನ್ನ ವೀಕ್ನೆಸ್ ಏನಂತ."

"ಎವ್ವಾ! ಮಾರಿ ನೋಡದ ಮಂದಿಗಿ ಸುದ್ದಿ ಮುಟ್ಟೇತಿ, ಒಂದ ಮನ್ಯಾಗ ಇರೂ ನನಗ ಗೊತ್ತಿಲ್ಲ! ಯಾವಾಗಿಂದ ಆಗೇತಿ?"

"ಆಗಿಲ್ಲ ಬೇ! ಅದು ಬ್ಯಾರೆ ವೀಕ್ನೆಸ್."

"ಬ್ಯಾರೆದು ಬ್ಯಾರೆ ಆಗೇತೇನ?" ಎಂದು ಸಕ್ರವ್ವ ಎದೆ ಹಿಡಿದುಕೊಂಡಳು. ಆಮೇಲೆ ಅದೇ ಎದೆಯಿಂದ ಎಂಥ ಕೂಗು ಹಾಕಿದಳೆಂದರೆ ಗಿಡದಲ್ಲಿದ್ದ ಗುಬ್ಬಿಗಳು ಇನ್ನೂ ತಿರುಗಿ ಬಂದಿಲ್ಲ. "ಪೀರಾಂಬೀ! ಹುಡುಗಗ ವೀಕ್ನೆಸ್ ಆಗೇತಿ ಬೇ! ಊಟಾನ ಹೋಗವಲ್ದಂತ!"

ಗೋಡೆಯ ಆಚೆಯಿಂದ ಪೀರಾಂಬಿಯ ತಲೆ ಮೇಲೆ ಬಂತು. ಆ ಗೋಡೆಗೂ ಅವಳ ಗದ್ದಕ್ಕೂ ಎಷ್ಟು ವರ್ಷದ ಗೆಳೆತನವೆಂದರೆ ಗೋಡೆಯ ಮೇಲೆ ಗದ್ದದ ಅಚ್ಚು ಮೂಡಿತ್ತು.

"ನಾ ಅವಾಗ ಅಂದೆ ಸಕ್ರವ್ವಾ. ಟೈ ಕಟ್ಕೊಂಡ ನಿಂತಿದ್ದ, ಕುತ್ತಿಗಿ ನೋಡಿದ್ರ ಹುಂಜದ ಕುತ್ತಿಗಿ ಆಗೇತಿ. ತಡಿ, ಪಾಯಾ ಕುದಿಯಾಕತ್ತೈತಿ. ಅಳಿಯಾ ಬರಾಂವ ಅದಾನಂತ ಮಾಡೇನಿ. ಅಳಿಯಾ ಏನ, ಗೂಳಿ ಇದ್ದಂಗ ಅದಾನ. ಇವ ಕುಡೀಲಿ."

"ಪೀರಾಂಬಿ ಕಾಕಿ, ನನಗ ಆರಾಮ ಐತಿ..."

"ಆರಾಮ ಇದ್ದಾಂವ ಗಿಡದ ಮುಂದ ನಿಂತ ಒಬ್ಬನ ಮಾತಾಡ್ತಾನೇನೋ ಯಪ್ಪಾ?"

ಅಮೋಘಿ ಗಿಡದಿಂದ ಕನ್ನಡಿ ಇಳಿಸುವುದರೊಳಗೆ ಆಡಿನ ಕಾಲಿನ ಪಾಯಾ ಸೂಪಿನ ಬೋಗುಣಿ ಬಂದೇ ಬಿಟ್ಟಿತು. ಅದರ ಹಿಂದೆಯೇ ಎದುರು ಮನೆಯ ರೇಣುಕವ್ವ ಡಬ್ಬಿ ಹಿಡಿದು ಓಡಿ ಬಂದಳು. ಮಗಳ ಬಾಣಂತನಕ್ಕೆ ಕಟ್ಟಿದ ಅಂಟಿನ ಉಂಡಿ. ಒಂದೊಂದೂ ಕ್ರಿಕೆಟ್ ಚೆಂಡಿನಷ್ಟು ದಪ್ಪ, ಅದರಷ್ಟೇ ಗಟ್ಟಿ.

"ಚಿಗವ್ವಾ, ಇವು ಬಾಣಂತಿ ತಿನ್ನೂ ಉಂಡಿ!"

"ಹೌದು. ಹಡದಾಕಿ ತಿಂದು ಎದ್ದು ಓಡ್ಯಾಡಾಕತ್ಯಾಳ. ಹಡೀದ ಇದ್ದಾಂವ ನಿನಗೇನ ಧಾಡಿ? ಬಾಯಿ ತಗಿ."

ಅಮೋಘಿ ಬಾಯಿ ತೆಗೆದ. ವಾದ ಮಾಡಿದರೆ ಬಸ್ಸು ತಪ್ಪುತ್ತದೆ, ತಿಂದರೆ ಬಸ್ಸು ಸಿಗುತ್ತದೆ ಎಂದು ಲೆಕ್ಕ ಹಾಕಿದ. ಬಿ.ಕಾಂ. ಓದುವವನು ನೋಡಿ. ನೌಕರಿ ಸಿಕ್ಕ ಮೇಲೆ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದರಾಯಿತು ಎಂದು ಧೈರ್ಯವಾಗಿಯೇ ಇದ್ದ. ಉಂಡಿ ನುಂಗಿ, ಪಾಯಾ ಕುಡಿದು, ಟೈ ಸರಿ ಮಾಡಿಕೊಂಡು ಹೊರಟರೆ ಸಕ್ರವ್ವ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು.

"ನೀ ಎಲ್ಲಿಗಿ ಬೇ?"

"ನೀ ದಾರ್ಯಾಗ ಬಿದ್ರ ಎತ್ತಾವರ ಯಾರು?"

ಬಸ್ಸಿನಲ್ಲಿ ಸಕ್ರವ್ವ ಟಿಕೆಟ್ ಕೇಳುವ ಮೊದಲು ಕಂಡಕ್ಟರನಿಗೆ ವೀಕ್ನೆಸ್ ಸುದ್ದಿ ಹೇಳಿದಳು. ಕಂಡಕ್ಟರ್ ಮುಂದಿನ ಸೀಟಿಗೆ ಹೇಳಿದ. ಮುಂದಿನ ಸೀಟು ಹಿಂದಿನ ಸೀಟಿಗೆ ಹೇಳಿತು. ಊರ ಅಗಸಿ ದಾಟುವುದರೊಳಗೆ ಡ್ರೈವರ್ ತಗ್ಗು ಬಂದಲ್ಲೆಲ್ಲ ಹಾವಿನ ಮರಿಯ ಹಾಗೆ ಮೆಲ್ಲಗೆ ಬಸ್ಸು ಜಾರಿಸತೊಡಗಿದ. ಕೋಲೂರಿಕೊಂಡಿದ್ದ, ಹಲ್ಲಿಲ್ಲದ ಮುತ್ಯಾ ಒಬ್ಬ ಎದ್ದು ನಿಂತು, "ಕುಂಡ್ರು ತಮ್ಮಾ. ನಂದ ಆತು, ನಿಂದ ಇನ್ನ ಹರೇದ ವಯಸ್ಸು," ಎಂದು ಸೀಟು ಬಿಟ್ಟುಕೊಟ್ಟ. ಅಮೋಘಿ ಒಲ್ಲೆನೆಂದರೆ ಬಸ್ಸೆಲ್ಲ ಅವನಿಗೇ ಬೈದಿತು.

ವಿಜಯಪುರದಲ್ಲಿ ಇಳಿದೊಡನೆ ಸಕ್ರವ್ವ ಮೊಮ್ಮಗನ ಟೈ ಹಿಡಿದಳು. ಹಗ್ಗವೇ ಸಿಕ್ಕಿದ್ದರೂ ಇಷ್ಟು ಅನುಕೂಲವಾಗುತ್ತಿರಲಿಲ್ಲ. ನೇರ ಸೊಲ್ಲಾಪುರ ರಸ್ತೆಯ ಡಾಕ್ಟರ್ ಅರುಣಕುಮಾರರ ದವಾಖಾನೆಗೆ ಎಳೆದುಕೊಂಡು ಹೋದಳು.

"ಏನ ತ್ರಾಸ?" ಎಂದರು ಡಾಕ್ಟರು.

"ವೀಕ್ನೆಸ್ ರೀ," ಎಂದಳು ಸಕ್ರವ್ವ.

"ನನಗೇನೂ ಆಗಿಲ್ರಿ ಸರ್!" ಎಂದ ಅಮೋಘಿ.

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಒಬ್ಬಳು ಎಪ್ಪತ್ತು ದಾಟಿದರೂ ಗರಡಿಯ ಕಲ್ಲಿನ ಹಾಗೆ ನಿಂತಿದ್ದಳು. ಇನ್ನೊಬ್ಬ ಬೆವತು, ಕೆಂಪಾಗಿ, ಉಂಡಿ ಇನ್ನೂ ಗಂಟಲಿನಲ್ಲಿದ್ದುದಕ್ಕೆ ಕಣ್ಣು ಮೇಲೆ ಮಾಡಿದ್ದ. ಯಾರನ್ನು ನಂಬಬೇಕು? ಕೈ ಹಿಡಿದು ನೋಡಿದರು.

"ನಾಡಿ ಭಾಳ ಓಡಾಕತ್ತೈತಿ."

"ಅದು ಇಂಟರ್ವ್ಯೂಕ್ಕ ಓಡಾಕತ್ತೈತ್ರಿ ಸರ್, ಬಿಡ್ರಿ ನನ್ನ!"

"ಬಡಬಡಸಾಕತ್ಯಾನ ನೋಡ್ರಿ," ಎಂದಳು ಸಕ್ರವ್ವ.

"ಒಂದ ಬಾಟ್ಲಿ ಹಚ್ಚಿ ನೋಡೋಣು," ಎಂದರು ಡಾಕ್ಟರು.

ಬಾಟ್ಲಿ ನೇತಾಡಿತು. ಹನಿ ಬೀಳತೊಡಗಿತು. ಹನಿಯೋ ಅದು! ಒಂದು ಬಿದ್ದು ಇನ್ನೊಂದು ಬೀಳುವುದರೊಳಗೆ ಜೋಳ ಬಿತ್ತಿ, ಕೊಯ್ದು, ರೊಟ್ಟಿ ಬಡಿದು ಉಣ್ಣಬಹುದಿತ್ತು. ಅಮೋಘಿ ನರ್ಸಮ್ಮನ ಕಣ್ಣು ತಪ್ಪಿಸಿ ನಳಿಕೆಯ ಗಾಲಿ ತಿರುಗಿಸಿ ಹನಿ ಜೋರು ಮಾಡಿದ. ಕೈಯೆಲ್ಲ ಉರಿ ಹತ್ತಿತು.

"ಯಾರ ಮುಟ್ಟು ಅಂದ್ರ ನಿನಗ?" ನರ್ಸಮ್ಮ ಓಡಿ ಬಂದಳು. "ಡ್ರಿಪ್ ಅಂದ್ರ ಹನಿ ಹನಿ ಹೋಗಬೇಕು. ಜೋರ ಬಿಟ್ರ ಉರೀತೈತಿ. ನಳಿಗಿ ಮಡಚಿದ್ರ ನಿಂತಬಿಡ್ತೈತಿ. ಒಳಗ ಗಾಳಿ ಕೂಡಬಾರ್ದು, ಬಾಟ್ಲಿ ಎತ್ತರದಾಗ ಇರಬೇಕು. ಸುಮ್ಮ ಬೀಳು."

ಸುಮ್ಮನೆ ಬಿದ್ದುಕೊಂಡಿದ್ದವನ ಮೊಬೈಲ್ ಕೂಗಿತು. ಅರ್ಬಾಜ.

"ಎಲ್ಲಿ ಸತ್ತೀಲೇ? ನಂದ ಮುಗೀತು. ಇನ್ನ ನಾಕ ಮಂದಿ ಆದ್ರ ನಿನ್ನ ಹೆಸರು!"

"ಸೊಲ್ಲಾಪುರ ರಸ್ತಾದಾಗ ಮಲಗೀನಿ ದೋಸ್ತ. ಗಾಡಿ ತಗೊಂಡ ಲಗೂ ಬಾ!"

ರಸ್ತೆಯಲ್ಲಿ ಮಲಗಿದ್ದಾನೆಂದು ತಿಳಿದು ಅರ್ಬಾಜ ಎದೆ ಒಡೆದುಕೊಂಡು ಬಂದ. ರಸ್ತೆಯೆಲ್ಲ ಹುಡುಕಿ ಕಡೆಗೆ ದವಾಖಾನೆಯಲ್ಲಿ ಇಣುಕಿದರೆ ಹಾಸಿಗೆಯ ಮೇಲೆ ಟೈ ಸಮೇತ ಸಲಾಯಿನ್ ಹಚ್ಚಿಕೊಂಡ ಗೆಳೆಯ. ನಗಬೇಕೋ ಅಳಬೇಕೋ ತಿಳಿಯದೆ ಮೊದಲು ನಕ್ಕ. ಅಮೋಘಿ ಸೂಜಿ ಕೀಳಲು ಹೋದರೆ ಸಕ್ರವ್ವ ಆ ಕೈಯ ಮೇಲೆ ಒಂದು ಕೊಟ್ಟಳು.

"ಔಷಧಾ ಅರ್ಧಾಕ್ಕ ಬಿಟ್ರ ವೀಕ್ನೆಸ್ ತಿರುಗಿ ಬರ್ತೈತಿ. ಬಾಟ್ಲಿ ನಾ ಹಿಡೀತೀನಿ. ನಡೀರಿ ಎಲ್ಲಿ ಹೋಗ್ತೀರಿ!"

ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತಳು. ಡಾಕ್ಟರೂ ಎದ್ದು ಬಂದರು. ಆದರೆ ಸಕ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆ ರೈಲೇ ಹಳಿ ಬಿಟ್ಟು ಸರಿಯಬೇಕು, ಇವರೆಷ್ಟರವರು?

ಅವತ್ತು ಗಾಂಧಿ ಚೌಕದಲ್ಲಿದ್ದವರು ತಮ್ಮ ಮೊಮ್ಮಕ್ಕಳಿಗೂ ಹೇಳುವಂಥ ಮೆರವಣಿಗೆ ಅದು. ಬೈಕಿನ ಮುಂದೆ ಅರ್ಬಾಜ, ನಡುವೆ ಉಂಡಿಯ ಹಾಗೆ ಒತ್ತಿ ಕೂತ ಅಮೋಘಿ, ಹಿಂದೆ ಸಲಾಯಿನ್ ಬಾಟ್ಲಿಯನ್ನು ಆಕಾಶಕ್ಕೆ ಎತ್ತಿ ಹಿಡಿದ ಸಕ್ರವ್ವ. ಕೆಂಪು ಟೈ ಗಾಳಿಗೆ ಬಾವುಟದ ಹಾಗೆ ಹಾರುತ್ತಿತ್ತು. "ಸರೀರಿ! ವೀಕ್ನೆಸ್ ಐತಿ, ಸರೀರಿ!" ಎಂದು ಅವಳು ಕೂಗಿದ ದನಿಗೆ ಆಟೋಗಳು ಗೋಡೆ ಹತ್ತಿದವು. ಸೀಟಿ ಊದಲು ಗಲ್ಲ ಉಬ್ಬಿಸಿದ ಪೊಲೀಸಪ್ಪ ಬಾಟ್ಲಿ ಕಂಡು ಆ ಗಾಳಿಯನ್ನು ಹಾಗೇ ನುಂಗಿ, ಎದುರಿನ ಲಾರಿ ತಡೆದು ದಾರಿ ಮಾಡಿಕೊಟ್ಟ. ಹೂವಿನವಳು ಯಾವುದೋ ದೇವರು ಹೊರಟಿದೆಯೆಂದು ಒಂದು ಹಿಡಿ ಶಾವಂತಿಗೆ ಎಸೆದಳು. ಅದು ಅಮೋಘಿಯ ತಲೆಯ ಮೇಲೆ ಕೂತಿತು.

"ಶಕುನ ಛಲೋ ಆತು ದೋಸ್ತ!" ಎಂದ ಅರ್ಬಾಜ.

ಕಾಲೇಜು ಮುಟ್ಟುವುದಕ್ಕೂ ಒಳಗಿಂದ ಅಮೋಘಿಯ ಹೆಸರು ಕರೆಯುವುದಕ್ಕೂ ಸರಿಹೋಯಿತು. ಆಯಿಯ ಕೈಯಿಂದ ಬಾಟ್ಲಿ ಕಸಿದುಕೊಂಡು, ತಲೆಯ ಮೇಲೆ ಹೂ, ಕೊರಳಲ್ಲಿ ಟೈ, ಕೈಯಲ್ಲಿ ಸೂಜಿಯ ಸಮೇತ ಒಳಗೆ ನುಗ್ಗಿದ. ಬಾಟ್ಲಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಎದುರಿಗೆ ತಲೆ ಬೆಳ್ಳಗಾದ ದೊಡ್ಡ ಸಾಹೇಬರು, ಬಾಜೂಕೆ ಕನ್ನಡಕದ ಮೇಡಮ್ಮು. ಸಾಹೇಬರು ಕಣ್ಣು ಉಜ್ಜಿಕೊಂಡು ಬಾಟ್ಲಿ ತೋರಿಸಿದರು.

"ಇದೇನಪ್ಪಾ?"

ಅಮೋಘಿಗೆ ನರ್ಸಮ್ಮ ಹೇಳಿದ ಹೆಸರೇ ನಾಲಗೆಗೆ ಬಂತು. "ಡ್ರಿಪ್ ರೀ ಸರ್."

"ಡ್ರಿಪ್ಪಾ?" ಸಾಹೇಬರು ಮುಂದೆ ಬಾಗಿದರು. "ಹಂಗಾದ್ರ ಹೇಳು, ಹೆಂಗ ಕೆಲಸ ಮಾಡ್ತೈತಿ?"

"ಹನಿ ಹನಿ ಹೋಗಬೇಕ್ರಿ. ಜೋರ ಬಿಟ್ರ ಉರೀತೈತಿ. ನಳಿಗಿ ಮಡಚಿದ್ರ ನಿಂತಬಿಡ್ತೈತಿ. ಒಳಗ ಗಾಳಿ ಕೂಡಬಾರ್ದು, ಬಾಟ್ಲಿ ಎತ್ತರದಾಗ ಇರಬೇಕು. ಎಷ್ಟ ಬೇಕ ಅಷ್ಟ, ಎಲ್ಲಿ ಬೇಕ ಅಲ್ಲೇ ಹೋಗ್ತೈತ್ರಿ."

ಸಾಹೇಬರು ಮೇಜು ಕುಟ್ಟಿದ ಸದ್ದಿಗೆ ಮೇಡಮ್ಮಿನ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ನೋಡ್ರಿ ಮೇಡಂ! ಇಲ್ಲೀ ಮಟಾ ಬಂದಾವ್ರೆಲ್ಲಾ ಬಾಯಿಪಾಠ ಒಪ್ಪಿಸಿದ್ರು. ಡ್ರಿಪ್ ಅಂದ್ರೇನಂತ ಮೈಗೆ ಹಚ್ಕೊಂಡ ಬಂದು ತೋರಿಸ್ದಾಂವ ಇವನೊಬ್ಬನ. ರೈತರಿಗಿ ಹಿಂಗ ತಿಳಿಸಿ ಹೇಳಬೇಕು! ತಮ್ಮಾ, ತಿಕೋಟಾ, ಬಬಲೇಶ್ವರ ನಿಂದು ಅಂತ ತಿಳಕೊ."

ಅಮೋಘಿಗೆ ಕುರ್ಚಿ ನೆಲ ಬಿಟ್ಟು ಎದ್ದಂತಾಯಿತು. ಗಾಡಿಯ ಕೀಲಿ ಕೈಗೆ ಬಂದೇ ಬಿಟ್ಟಿತು, ಟೋಪಿ ತಲೆಗೆ ಕೂತೇ ಬಿಟ್ಟಿತು. ತಲೆಯ ಮೇಲಿದ್ದದ್ದು ಶಾವಂತಿಗೆ ಎಂಬುದೂ ಮರೆತುಹೋಯಿತು.

ಮೇಡಮ್ಮು ಕನ್ನಡಕ ಏರಿಸಿಕೊಂಡರು. "ಕಡೀ ಪ್ರಶ್ನೆ, ಸುಮ್ಮ ಪದ್ಧತಿಗೆ ಕೇಳ್ತೀನಿ. ನಿನ್ನ ವೀಕ್ನೆಸ್ ಏನು?"

ಮುಂಜಾನೆಯಿಂದ ಆ ಒಂದು ಮಾತಿಗೆ ಅವನು ಪಟ್ಟ ಪಾಡೆಲ್ಲ, ಪಾಯಾ, ಉಂಡಿ, ಬಸ್ಸು, ಸೂಜಿ, ಒಮ್ಮೆಲೇ ನೆತ್ತಿಗೆ ಏರಿತು. ಹೊಸೆದಿಟ್ಟ ಉತ್ತರ ಹಾರಿಹೋಯಿತು. ಎದ್ದು ನಿಂತು ಕಾಲೇಜು ನಡುಗುವಂತೆ ಕೂಗಿದ:

"ಇಲ್ರಿ! ನನಗ ಯಾವ ವೀಕ್ನೆಸ್ಸೂ ಇಲ್ಲ!"

ಬಾಗಿಲು ಧಡಾರನೆ ತೆರೆಯಿತು.

"ಸುಳ್ಳರೀ ಸಾಹೇಬ್ರ!" ಎಂದು ಸಕ್ರವ್ವ ಒಳಗೆ ಬಂದಳು. ಹಿಂದೆ ಅವಳ ಸೆರಗು ಜಗ್ಗುತ್ತ ಅರ್ಬಾಜ. "ಭಾಳ ಐತ್ರಿ! ಊಟಾ ಸೇರವಲ್ದು, ನಾಡಿ ಕುದುರಿ ಓಡಿದಂಗ ಓಡತೈತಿ, ಗಿಡದ ಕೂಡ ಮಾತಾಡ್ತಾನ. ಡಾಕ್ಟರ ಮಲಗ ಅಂದ್ರೂ ಕೇಳದ ಎದ್ದ ಬಂದಾನ. ನಾ ಬಾಟ್ಲಿ ಹಿಡದ, ಈ ಅರ್ಬಾಜನ ಗಾಡಿ ಮ್ಯಾಲ ಮೂರೂ ಮಂದಿ ಗಾಂಧಿ ಚೌಕ ದಾಟಿ ಬಂದೇವ್ರಿ. ನೌಕರಿ ನೌಕರಿ ಅಂತ ಜೀವಾ ಬಿಡಾಕತ್ಯಾನ್ರಿ ನನ್ನ ಕೂಸು!"

ಸಾಹೇಬರು ಎದ್ದು ಬಂದು ಕೈಯ ಪಟ್ಟಿ ಮುಟ್ಟಿ ನೋಡಿದರು. "ಅಂದ್ರ ಇದು ತೋರಸಾಕ ತಂದಿದ್ದಲ್ಲ? ಖರೇ ಖರೇ ಸಲಾಯಿನ್ನ?"

ಅಮೋಘಿ ಬಾಯಿ ತೆರೆದ. ಆರಾಮ ಇದ್ದೇನೆ ಎಂದರೆ ಆಯಿ ಸುಳ್ಳುಗಾತಿ, ಆರಾಮ ಇಲ್ಲ ಎಂದರೆ ತಾನು ಸುಳ್ಳುಗಾರ. ಬಾಯಿ ಮುಚ್ಚಿದ. ಮುಚ್ಚುವಾಗ ಪಾಯಾದ ತೇಗೊಂದು ಬಂತು. ಅದೂ ನರಳಿದಂತೆಯೇ ಕೇಳಿಸಿತು.

ಸಾಹೇಬರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. "ಮೈಯಾಗ ಆರಾಮಿಲ್ಲದಿದ್ರೂ ಟೈಮಕ್ಕ ಬಂದಾನಲ್ರಿ ಮೇಡಂ! ಇಂಥಾ ಹುಡುಗನ್ನ ಬಿಟ್ರ ಪಾಪ ಬರ್ತೈತಿ. ಯಮ್ಮಾ, ನಿಮ್ಮ ಮೊಮ್ಮಗಗ ನೌಕರಿ ಕೊಟ್ಟೇನಿ, ಹೋಗ್ರಿ."

ಅಮೋಘಿ ಸಾಹೇಬರ ಕಾಲಿಗೆ ಬೀಳಲು ಹೋದ. ನಳಿಕೆ ಜಗ್ಗಿ ಅರ್ಧಕ್ಕೇ ನಿಂತ.

"ಆದ್ರ," ಎಂದರು ಸಾಹೇಬರು, "ಈ ವೀಕ್ನೆಸ್ಸಿನ್ಯಾಗ ಬಿಸಿಲ ಅಡ್ಡಾಡಸಿದ್ರ ನಾನೇನ ಮನಶ್ಯಾನ? ನೆರಳಾಗ ಕುಂತ ಮಾಡೂ ಕೆಲಸ ಕೊಡ್ತೀನಿ. ತಿಕೋಟಾದಾಗ ನಮ್ಮ ಹೊಸ ಡೀಲರು ಅಂಗಡಿ ತಗದಾರ. ಬಸ್ ಸ್ಟ್ಯಾಂಡ ಹಿಂದ, ಹೊಸ ಶಟರು. ಅವರ ಕೈಯಾಗ ಇರು. ಮನಿ ಹತ್ರ, ಆಯಿ ಕಣ್ಣ ಮುಂದ."

"ಸರ್, ಗಾಡಿ... ಟೋಪಿ..."

ಸಾಹೇಬರ ಕಣ್ಣು ಅರ್ಬಾಜನ ಮೇಲೆ ಬಿತ್ತು. "ಮೂರು ಮಂದೀನ, ಬಾಟ್ಲಿ ಅಲಗಾಡದಂಗ ಗಾಂಧಿ ಚೌಕ ದಾಟಿಸಿ ತಂದಾಂವ ಇವನೇನು? ಏರಿಯಾ ಇವ ತಿರಗಲಿ."

ದವಾಖಾನೆಯಲ್ಲಿ ಸೂಜಿ ತೆಗೆಸಿಕೊಂಡು ತಿಕೋಟಾಕ್ಕೆ ಮರಳುವಾಗ ಬಸ್ಸಿನಲ್ಲಿ ಅಮೋಘಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಾಡಿ ಹೋದರೆ ಹೋಗಲಿ, ಟೋಪಿ ಹೋದರೆ ಹೋಗಲಿ. ನೌಕರಿ ನೌಕರಿಯೇ. ಖಾರದ ಗಿರಣಿ ತಪ್ಪಿತಲ್ಲ! ಇಳಿಯುವ ಹೊತ್ತಿಗೆ ಎದೆ ಮತ್ತೆ ಸೆಟೆದಿತ್ತು. ಸಕ್ರವ್ವ ಪೇಢೆ ಹಂಚಲು ಓಣಿಗೆ ಓಡಿದಳು. ಇವನು ಟೈ ಸರಿ ಮಾಡಿಕೊಂಡು ಹೊಸ ಮಾಲಕರಿಗೆ ಮುಖ ತೋರಿಸಿ ಬರೋಣವೆಂದು ಬಸ್ ಸ್ಟ್ಯಾಂಡಿನ ಹಿಂದಿನ ದಾರಿ ಹಿಡಿದ.

ಸ್ವಲ್ಪ ದೂರ ಹೋಗುವುದರೊಳಗೆ ಮೂಗು ಕೆರೆಯಿತು. ಇನ್ನೂ ಸ್ವಲ್ಪ ನಡೆದ, ಕಣ್ಣಲ್ಲಿ ನೀರು ಬಂತು. ಆಮೇಲೆ ಎಂಥ ಸೀನು ಬಂತೆಂದರೆ ಎದುರಿನ ಟೇಲರ್ ಓಡಿ ಬಂದು ಬ್ಲೌಜುಗಳನ್ನೆಲ್ಲ ಒಳಗೆ ಎತ್ತಿಟ್ಟ.

ಕಣ್ಣು ಒರೆಸಿಕೊಂಡು ನೋಡಿದರೆ ಹೊಸ ಶಟರು, ಕರಿ ಪೈಪಿನ ಸುರುಳಿ. ಡ್ರಿಪ್ ಕಂಪನಿಯ ಬೋರ್ಡನ್ನು ಮೊಳೆಗೆ ಸಿಕ್ಕಿಸುತ್ತ ಏಣಿಯ ಮೇಲೆ ಮಹಾದೇವ ಮಾಮಾ.

"ಬಾ ಬಾ ಅಮೋಘಿ! ಸಾಹೇಬ್ರು ಈಗರ ಫೋನ ಮಾಡಿದ್ರು. ಹುಡುಗಗ ಭಾಳ ವೀಕ್ನೆಸ್ ಐತಿ, ನೆರಳಾಗ ಇಟ್ಕೋರಿ ಅಂದ್ರು. ನಮ್ಮ ಗಿರಣಿಯಷ್ಟ ನೆರಳು ತಿಕೋಟಾದಾಗ ಮತ್ತೆಲ್ಲೈತಿ? ಪೈಪಿನ ಗಿರಾಕಿ ಬಂದಾಗ ಪೈಪ ಕೊಡು. ಬರೂ ಮಟಾ ಖಾರಾ ಬೀಸು."

ಅಮೋಘಿ ಇನ್ನೊಮ್ಮೆ ಸೀನಿದ. ಶಾವಂತಿಗೆ ತಲೆಯಿಂದ ಹಾರಿ ಮೆಣಸಿನಕಾಯಿಯ ರಾಶಿಯ ಮೇಲೆ ಬಿತ್ತು.

"ಮಾಮಾ, ಮಧ್ಯಾಹ್ನ ಊಟಕ್ಕರೆ ಮನಿಗಿ ಬಿಡ್ತೀಯಲ್ಲಾ?"

ಮಹಾದೇವ ಏಣಿ ಇಳಿದು ಬಂದು ಅಳಿಯನ ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟ.

"ಅದೊಂದ ಕೇಳಬ್ಯಾಡ ನೋಡ. ನಂದೂ ಒಂದ ವೀಕ್ನೆಸ್ ಐತಿ. ಕೆಲಸಾ ಹಿಡದ್ರ ನನಗ ಊಟದ ನೆನಪನ ಇರೂದಿಲ್ಲ," ಎಂದು ಸುತ್ತಿಗೆ ಕೆಳಗಿಟ್ಟು, ಮೆಲ್ಲಗೆ ಸೇರಿಸಿದ: "ನನ್ನ ಊಟದ್ದಲ್ಲ. ಆಳಿಂದು."